ಬೇರಿಂಗಿನ ಮೇಲೆ ಕಾವು

ಗೆಜ್ಜಲಗೆರೆಯ ಶರ್ಟಿನ ಫ್ಯಾಕ್ಟರಿಯಲ್ಲಿ ಗಗನಳ ಕೆಲಸವೆಂದರೆ ಬೇಡ ಅನ್ನುವುದು. ಹೊಲಿದು ಬಂದ ಅಂಗಿಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಕಾಲರು, ಗುಂಡಿಯ ತೂತು, ತೋಳಿನ ಹೊಲಿಗೆ ಎಲ್ಲವನ್ನೂ ನೋಡಿ, ಸರಿಯಿಲ್ಲದ್ದಕ್ಕೆ ಕೆಂಪು ಸ್ಟಿಕರು ಅಂಟಿಸಿ ಪಕ್ಕಕ್ಕೆ ಹಾಕಬೇಕು. ಒಂದು ನೂಲು ಇಳಿಬಿದ್ದಿದ್ದರೂ ಅವಳ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ. ಆದರೂ ಸಮಾಧಾನವಿಲ್ಲ. ಸರಿಯಿದೆ ಎಂದು ಬಿಟ್ಟ ಅಂಗಿಯಲ್ಲಿ ಏನಾದರೂ ಉಳಿದುಹೋಯಿತೇನೋ ಎಂದು ಮನೆಗೆ ಬರುವ ಬಸ್ಸಿನಲ್ಲೂ ಯೋಚಿಸುತ್ತಿದ್ದಳು.

ಅದೇ ಕಣ್ಣನ್ನು ಅವಳು ಮನೆಯ ಕೋಳಿಗಳ ಮೇಲೂ ಇಟ್ಟಿದ್ದಳು.

ಕೋಳಿಗಳು ಅತ್ತೆ ಹೊಂಬಾಳಮ್ಮನವು. ಮದುವೆಯಾಗಿ ಆತಗೂರಿನ ಪಕ್ಕದ ಈ ಊರಿಗೆ ಬಂದಾಗ ಹೊಂಬಾಳಮ್ಮ ತವರಿನಿಂದ ಒಂದು ಹುಂಜ, ಒಂದು ಹ್ಯಾಟೆಯನ್ನು ಮಂಕರಿಯಲ್ಲಿಟ್ಟುಕೊಂಡು ಬಂದಿದ್ದಳಂತೆ. ಬೋಳು ಕತ್ತಿನ ಜಾತಿ. ಮೈಯೆಲ್ಲ ಸುಟ್ಟ ಇಟ್ಟಿಗೆಯ ಬಣ್ಣ, ಕತ್ತು ಮಾತ್ರ ದವಡೆಯಿಂದ ಎದೆಯವರೆಗೆ ಪುಕ್ಕವಿಲ್ಲದೆ ಕೆಂಪಗೆ. ಹೊಸಬರು ಕಂಡರೆ, ಯಾರೋ ಕೊಯ್ಯಲು ಹಿಡಿದು ಅರ್ಧ ಪುಕ್ಕ ಕಿತ್ತಾಗ ತಪ್ಪಿಸಿಕೊಂಡು ಬಂದಿದೆ ಅಂದುಕೊಳ್ಳಬೇಕು. ಬಿರುಬೇಸಗೆಯಲ್ಲಿ ಬೇರೆಯವರ ಕೋಳಿಗಳು ಬಾಯಿ ಬಿಟ್ಟುಕೊಂಡು ನೆರಳಿಗೆ ಬಿದ್ದಿರುವಾಗ ಇವು ನಡುಮಧ್ಯಾಹ್ನವೂ ತಿಪ್ಪೆ ಕೆದಕುತ್ತಿದ್ದವು. ಸುತ್ತಲಿನ ಊರುಗಳಲ್ಲಿ ಎಲ್ಲರೂ ಫಾರಂ ಮರಿಗಳನ್ನು ತಂದು ಸಾಕುವವರಾದ ಮೇಲೆ ಈ ಜಾತಿ ಹೊಂಬಾಳಮ್ಮನ ಹಿತ್ತಲಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ.

ಗಗನ ಮಂಡ್ಯದಲ್ಲಿ ನಡೆದ ಕೋಳಿ ಸಾಕಣೆಯ ಒಂದು ತರಬೇತಿಗೆ ಹೋಗಿದ್ದಳು. ‘ಬೇಕಾದ ಗುಣ ಇರೋದನ್ನ ತಳಿಗೆ ಉಳಿಸ್ಕೊಳ್ಳಿ, ಬೇಡದ್ದನ್ನ ತೆಗೀರಿ, ಅಷ್ಟೇ’ ಅಂದಿದ್ದರು ಅಲ್ಲಿ. ಅಷ್ಟೇನೇ ಎಂದು ಅವಳಿಗೆ ನಂಬಿಕೆ ಬರಲಿಲ್ಲ. ಆದರೂ ಮಾಡಿ ನೋಡಿದಳು. ಕತ್ತು ನೀಟಾಗಿ ಬೋಳಿರುವುದನ್ನು ಉಳಿಸಿದಳು. ಗಂಟಲ ಮುಂದೆ ಪುಕ್ಕದ ಕುಚ್ಚು ಇರುವುದನ್ನು ಸಾರಿನ ಪಾತ್ರೆಗೆ ಕಳಿಸಿದಳು. ಬಣ್ಣ ಒಡೆದದ್ದು, ಕಾಲ್ಬೆರಳು ಸೊಟ್ಟಗಿದ್ದದ್ದು ಹೋದವು. ಎರಡನೇ ತಲೆಮಾರಿಗೇ ಮರಿಗಳು ಒಂದೇ ಅಚ್ಚಿನಲ್ಲಿ ತೆಗೆದಂತೆ ಬರತೊಡಗಿದಾಗ ಗಗನ ಮಂಕರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದ್ದೇ ನೋಡಿದ್ದು. ತಾನು ಬರೀ ಬೆರಳು ತೋರಿಸಿದ್ದು, ಇದು ಬೇಕು, ಇದು ಬೇಡ ಅಂದದ್ದು. ಅದನ್ನು ಈ ಹುಟ್ಟದೇ ಇದ್ದ ಜೀವಗಳು ಹೇಗೆ ಕೇಳಿಸಿಕೊಂಡವು? ಖುಷಿಗಿಂತ ಹೆಚ್ಚಾಗಿ ಅವಳಿಗೆ ಮೈ ಜುಮ್ಮೆಂದಿತು. ದೇವರ ಕೋಣೆಯಲ್ಲಿ ಮುಟ್ಟಬಾರದ್ದನ್ನು ಮುಟ್ಟಿ, ಅದು ಅಲುಗಾಡಿದಂತೆ.

ಆಮೇಲೆ ಅವಳ ಕಣ್ಣು ಮೊಟ್ಟೆಯ ಮೇಲೆ ಬಿತ್ತು. ನಾಟಿ ಕೋಳಿ ಒಂದಷ್ಟು ಮೊಟ್ಟೆಯಿಟ್ಟು ಕಾವಿಗೆ ಕೂತುಬಿಡುತ್ತದೆ. ಕೂತರೆ ಮೊಟ್ಟೆ ನಿಂತಿತು; ಮರಿ ಮಾಡಿ, ಮರಿ ದೊಡ್ಡವಾಗಿ, ಮತ್ತೆ ಇಡುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಮರಿ ಬೇಡವಾದಾಗ ಕಾವು ಬಿಡಿಸಲು ಹೊಂಬಾಳಮ್ಮನ ಹತ್ತಿರ ಹಳೇ ಉಪಾಯವಿತ್ತು. ಕೋಳಿಯನ್ನು ಬಾನಿ ನೀರಿನಲ್ಲಿ ಅದ್ದಿ, ಅದರದೇ ರೆಕ್ಕೆಯ ಒಂದು ಪುಕ್ಕ ಕಿತ್ತು, ಮೂಗಿನ ಹೊಳ್ಳೆಗಳಲ್ಲಿ ತೂರಿಸಿ ಬಿಡುವುದು. ಅದನ್ನು ಉದುರಿಸಿಕೊಳ್ಳುವ ಗಡಿಬಿಡಿಯಲ್ಲಿ ಕೋಳಿ ಕಾವು ಮರೆಯುತ್ತದೆ. ಗಗನ ಅದನ್ನೂ ಕಲಿತಳು. ಪುಕ್ಕ ತೂರಿಸಿದ ಮೇಲೂ ಹೋಗಿ ಕೂತ ಕೋಳಿಗಳನ್ನು ಮನಸ್ಸಿನಲ್ಲೇ ಕೆಂಪು ಸ್ಟಿಕರು ಅಂಟಿಸಿ ತೆಗೆದುಬಿಟ್ಟಳು. ನೆಂಟರು ಬಂದಾಗ, ಕೆಲಸಕ್ಕೆ ಬಂದವರಿಗೆ ಏನಾದರೂ ಕೊಡಬೇಕಾದಾಗ ಅವೇ ಹೋದವು.

ನಾಲ್ಕು ವರ್ಷದಲ್ಲಿ ಹಿತ್ತಲಿನ ಒಂದು ಕೋಳಿಯೂ ಕಾವಿಗೆ ಕೂರದಂತಾಯಿತು. ಇಟ್ಟವು, ಇಟ್ಟವು, ಇಟ್ಟ ಮೊಟ್ಟೆಯ ಕಡೆ ತಿರುಗಿಯೂ ನೋಡದೆ ಮೇಯಲು ಹೋದವು. ಮರಿ ಮಾಡಲು ಗಗನ ಥರ್ಮಾಕೋಲಿನ ಒಂದು ಮಷಿನ್ ತಂದಿದ್ದಳು. ಒಳಗೊಂದು ಬಲ್ಬು, ಒಂದು ಫ್ಯಾನು.

‘ಅಲ್ಲ ಕಣವ್ವ, ನಿನ್ ಕೋಳಿಗೊಳು ಹೆತ್ತು ಹೆತ್ತು ಬೀದಿಗೆ ಬುಟ್ಟು ಓಯ್ತವಲ್ಲ’ ಅಂದಿದ್ದಳು ಹೊಂಬಾಳಮ್ಮ ಒಂದು ದಿನ.

‘ಮಷಿನ್ ಐತಲ್ಲ ಅತ್ತೆಮ್ಮ.’

‘ಐತೆ ಐತೆ. ಕರೆಂಟು ಇರಗಂಟ ಅದೇ ಅವ್ವ.’

ಯುಗಾದಿ ಕಳೆದ ಮೇಲೆ ಬಂದ ಗಾಳಿಮಳೆಗೆ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಹೊಸದು ಬರಲು ವಾರವೋ ಹದಿನೈದು ದಿನವೋ ಎಂದು ಲೈನ್‌ಮನ್ ಕೈ ತಿರುಗಿಸಿಬಿಟ್ಟ. ಅದೇ ವಾರ ಹಿತ್ತಲ ಆಚೆಯ ಕಬ್ಬು ಕಡಿದಿದ್ದರು. ಕಬ್ಬಿನೊಳಗೇ ಬಾಳುವೆ ಮಾಡಿಕೊಂಡಿದ್ದ ಕಾಡುಬೆಕ್ಕಿಗೆ ಈಗ ಮರೆ ಇಲ್ಲ, ಕೋಳಿಗೂಡಿನ ಮೇಲೆ ಸದಾ ಉರಿಯುತ್ತಿದ್ದ ಬಲ್ಬೂ ಇಲ್ಲ. ಬೆಳಿಗ್ಗೆ ಕಾಳು ಹಾಕಲು ಹೋದ ಹೊಂಬಾಳಮ್ಮ ಅಲ್ಲೇ ಕೂತುಬಿಟ್ಟಳು. ಗೂಡಿನ ಬಲೆ ಹರಿದಿತ್ತು. ಇಟ್ಟಿಗೆ ಬಣ್ಣದ ಪುಕ್ಕ ಕಡಿದ ಕಬ್ಬಿನ ಕೂಳೆಯವರೆಗೂ ಚೆಲ್ಲಿತ್ತು. ಹೊಂಗೆ ಮರದ ಮೇಲೆ ಮಲಗುವ ಅಭ್ಯಾಸವಿದ್ದ ಹುಂಜ ಒಂದು ಮಾತ್ರ ಮೇಲಿನಿಂದ ಕತ್ತು ಚಾಚಿ ಚಾಚಿ ನೋಡುತ್ತಿತ್ತು.

ಇನ್ನುಳಿದದ್ದು ಮೊಟ್ಟೆಗಳು. ಕೆಡದಿರಲಿ ಎಂದು ಹೊಂಬಾಳಮ್ಮ ರಾಗಿಯ ಗಡಿಗೆಯಲ್ಲಿ ಹೂತಿಟ್ಟಿದ್ದ ಒಂದು ಮಡಿಲಷ್ಟು ಮೊಟ್ಟೆ. ಇವು ಒಡೆದು ಮರಿಯಾದರೆ ಜಾತಿ ಉಂಟು. ಇಲ್ಲವಾದರೆ ಹೊಂಗೆ ಮರದ ಹುಂಜದೊಂದಿಗೆ ಮುಗಿಯಿತು. ದಿನ ಕಳೆದಂತೆ ಮೊಟ್ಟೆಯೊಳಗಿನ ಜೀವ ಆರುತ್ತದೆ ಎಂಬುದು ಗಗನಳಿಗೆ ಗೊತ್ತು. ಫ್ಯಾಕ್ಟರಿಗೆ ರಜೆ ಹೇಳಿ ಅವಳು ಮನೆಮನೆ ತಿರುಗಿದಳು. ‘ಕಾವು ಕೋಳಿ ಐತಾ? ಕಾವಿಗೆ ಕುಂತಿರೋದು?’

‘ಇವಾಗ ಯಾರ್ ಕೂರಿಸ್ತಾರವ್ವ?’ ಅಂದಳು ಕೆಳಗಲಕೇರಿಯ ಪಟ್ಟಲಮ್ಮ. ‘ನಮ್ಮವೆಲ್ಲ ಫಾರಂ ಮರಿ. ಅವಕ್ಕೆ ಕೂರೋದು ಅಂದ್ರೇನು ಅಂತ್ಲೇ ಗೊತ್ತಿಲ್ಲ. ನಿನ್ ಹತ್ರ ಇದ್ವಲ್ಲ ಮೊದ್ಲು, ಕುಂತ್ರೆ ಏಳ್ದಂಥವು?’

ಇದ್ದವು. ಗಗನ ಮುಂದಿನ ಮನೆಯ ಬಾಗಿಲು ತಟ್ಟಿದಳು.

ಮಾರನೇ ದಿನ ಅಫ್ಸರ್ ಪಾಷಾ ಬಂದ. ಮಳವಳ್ಳಿಯಲ್ಲಿ ಅಂಗಡಿಯಿಟ್ಟಿರುವ ಪಂಪ್‌ಸೆಟ್ ಮೆಕ್ಯಾನಿಕ್; ಟ್ರಾನ್ಸ್‌ಫಾರ್ಮರ್ ಹೋಗುವಾಗ ಗಗನಳ ಗಂಡ ಶಿವರಾಜುವಿನ ಬೋರ್‌ವೆಲ್ ಮೋಟಾರೂ ಸುಟ್ಟು ಹೋಗಿತ್ತು. ಹರಿದ ಬಲೆ ಕಂಡು ಏನಾಯಿತೆಂದು ಕೇಳಿ ತಿಳಿದು ‘ಛೆ ಛೆ’ ಅಂದ. ಆಮೇಲೆ ತಡೆಯಲಾರದೆ ಅಂಗೈ ಚಾಚಿ ತೋರಿಸಿದ. ಹೆಬ್ಬೆರಳ ಬುಡದಲ್ಲಿ ಗಾಯದ ಕಲೆ.

‘ಹೊಂಬಾಳಕ್ಕ, ಹೋದ್ಸಲ ಮೋಟಾರ್ ಇಳಿಸಿದಾಗ ನೀವೊಂದು ಕೋಳಿ ಕೊಟ್ರಲ್ಲ, ಅದರ ಕೆಲಸ ನೋಡಿ ಇದು. ಬಿರಿಯಾನಿಗೆ ಅಂತ ಹಿಡಿಯಕ್ಕೆ ಹೋದೆ. ಹಿಂಗೆ ಮಾಡ್ತು. ನಮ್ ಮನೆಯೋಳು ಬಿಬಿ ಜಾನ್ ಏನಂದ್ಲು ಗೊತ್ತಾ? ಈ ಮನೇಲಿ ನಿಮ್ಗೆ ಎದುರು ನಿಲ್ಲೋರು ಇನ್ನೊಬ್ರು ಸಿಕ್ರು, ಇರ್ಲಿ ಬಿಡಿ, ನನಗೆ ಜೊತೆ ಅಂದ್ಲು.’

‘ಇನ್ನೂ ಐತಾ ಅದು?’ ಗಗನ ಕೇಳಿದಳು.

‘ಐತಾ ಅಂತೀಯಲ್ಲಮ್ಮ! ಅಂಗಡಿ ಹಿಂದೆ ಹಳೇ ಟೈರ್‌ನಲ್ಲಿ ಕುಂತ್ಬುಟ್ಟವ್ಳೆ. ಇಟ್ಟ ಮೊಟ್ಟೆಯೆಲ್ಲ ನಮ್ಮೋರು ಆಮ್ಲೆಟ್ ಮಾಡಾಯ್ತು. ಅದಕ್ಕೆ ಒಂದು ತುಕ್ಕು ಹಿಡಿದ ಬೇರಿಂಗ್ ಐತಲ್ಲ, ಅದರ ಮೇಲೆ ಕುಂತವ್ಳೆ. ಬೇರಿಂಗ್ ಮೇಲೆ! ಮೋಟಾರ್ ಮರಿ ಹಾಕ್ತಾಳೇನೋ ಅಂತ ನಾನೂ ಕಾಯ್ತಾ ಇವ್ನಿ.’

ಶಿವರಾಜು ನಕ್ಕ. ಗಗನ ನಗಲಿಲ್ಲ. ಆ ಕೋಳಿ ಯಾವುದೆಂದು ಅವಳಿಗೆ ಗೊತ್ತಿತ್ತು. ಮೂರು ಸಲ ನೀರಿನಲ್ಲಿ ಅದ್ದಿದ್ದಳು. ಪುಕ್ಕ ತೂರಿಸುವಾಗ ಕೈ ಜಾರಿ ಎಡಗಡೆಯ ಹೊಳ್ಳೆ ಹರಿದಿತ್ತು. ಹರಿದ ಹೊಳ್ಳೆಯಲ್ಲೇ ಅದು ಮತ್ತೆ ಹೋಗಿ ಕೂತಿತ್ತು. ‘ಇದನ್ನ ಸಾಬ್ರಿಗೆ ಕೊಡಿ ಅತ್ತೆಮ್ಮ’ ಅಂದವಳು ತಾನೇ.

ಅತ್ತೆ ಸೊಸೆ ಇಬ್ಬರೂ ಮೊಟ್ಟೆಗಳನ್ನು ರಾಗಿಯ ಸಮೇತ ಸ್ಟೀಲ್ ಬಕೆಟ್ಟಿಗೆ ತುಂಬಿಕೊಂಡು ಬಸ್ಸು ಹತ್ತಿದರು. ಮದ್ದೂರಿನಲ್ಲಿ ಇಳಿದು ಮಳವಳ್ಳಿ ಬಸ್ಸು. ರಸ್ತೆಯ ಪ್ರತಿ ಉಬ್ಬಿಗೂ ಗಗನ ಬಕೆಟ್ಟನ್ನು ತೊಡೆಯಿಂದ ಮೇಲೆತ್ತಿ ಗಾಳಿಯಲ್ಲಿ ಹಿಡಿಯುತ್ತಿದ್ದಳು.

‘ಏನಮ್ಮ ಅದು, ಕೆಳಗಿಡು’ ಅಂದ ಕಂಡಕ್ಟರ್.

‘ರಾಗಿ.’

‘ರಾಗಿ ಯಾಕಮ್ಮ ಮಗೀನಂಗೆ ಎತ್ಕೊಂಡಿದ್ದೀಯ?’

‘ಒಳಗೆ ಮಗೀನೇ ಅವೆ, ನೀನ್ ಮುಂದ್ಕೆ ಓಗಪ್ಪ’ ಅಂದಳು ಹೊಂಬಾಳಮ್ಮ.

ಅಫ್ಸರ್ ಪಾಷಾನ ಅಂಗಡಿಯ ಹಿಂದೆ ತುಕ್ಕು ಹಿಡಿದ ಪೈಪುಗಳು, ಬಿಚ್ಚಿದ ಮೋಟಾರುಗಳು, ಗ್ರೀಸಿನ ವಾಸನೆ. ಬಿಬಿ ಜಾನ್ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, ಲಾರಿಯ ಟೈರೊಂದನ್ನು ತೋರಿಸಿದಳು. ಒಳಗೆ ಕೋಳಿ ಚಪ್ಪಟೆಯಾಗಿ, ತನ್ನ ಮೈಗಿಂತ ಎರಡರಷ್ಟು ಹರಡಿಕೊಂಡು ಕೂತಿತ್ತು. ಬೋಳು ಕತ್ತು ಭುಜದೊಳಗೆ ಹುದುಗಿತ್ತು. ಎಡ ಹೊಳ್ಳೆ ಹರಿದೇ ಇತ್ತು.

ಗಗನ ಕೈ ಚಾಚಿದಳು. ಕೋಳಿಯ ಹೊಟ್ಟೆಯಿಂದೆಲ್ಲೋ ಮಿಕ್ಸಿ ಸಿಕ್ಕಿಹಾಕಿಕೊಂಡಂಥ ಸದ್ದು ಹೊರಟಿತು. ಕುಕ್ಕಿತು. ಗಗನ ಕೈ ಹಿಂದೆ ತೆಗೆಯದೆ ಮೆಲ್ಲಗೆ ಅಡಿಗೆ ತೂರಿಸಿದಳು. ಅಲ್ಲಿ ಪುಕ್ಕವಿರಲಿಲ್ಲ. ಮೊಟ್ಟೆಗೆ ನೇರ ಮೈ ತಾಗಲೆಂದು ಕೋಳಿ ತನ್ನ ಹೊಟ್ಟೆಯ ಪುಕ್ಕವನ್ನು ತಾನೇ ಕಿತ್ತುಕೊಂಡಿತ್ತು. ಆ ಬರಿಯ ಚರ್ಮಕ್ಕೆ ಒತ್ತಿಕೊಂಡಿದ್ದ ಬೇರಿಂಗ್ ಅವಳ ಬೆರಳಿಗೆ ಸಿಕ್ಕಿತು. ಹೊರಗೆ ತೆಗೆದಳು.

ಕಬ್ಬಿಣ ಬೆಚ್ಚಗಿತ್ತು. ಬಿಸಿಲಿಗೆ ಕಾದ ಬಿಸಿಯಲ್ಲ. ಜ್ವರ ಬಂದ ಮಗುವಿನ ಹಣೆಯ ಬಿಸಿ. ತುಕ್ಕು ಹಿಡಿದ, ಯಾವ ಕಾಲಕ್ಕೂ ಒಡೆಯದ, ಒಳಗೆ ಗುಂಡುಗಳಲ್ಲದೆ ಏನೂ ಇಲ್ಲದ ಆ ಬೇರಿಂಗ್ ಈಗಲೋ ಆಗಲೋ ಉಸಿರಾಡುತ್ತದೆ ಎಂಬಂತೆ ಅಂಗೈಯಲ್ಲಿ ಕೂತಿತ್ತು. ಗಗನ ಗ್ರೀಸಿನ ನೆಲದ ಮೇಲೇ ಕೂತಳು. ನೀರು, ಪುಕ್ಕ, ಹರಿದ ಮೂಗು, ಚಾಕು, ಇಷ್ಟನ್ನೂ ದಾಟಿ ಬಂದು ಈ ಜೀವ ಕಬ್ಬಿಣಕ್ಕೆ ಪ್ರಾಣ ಕೊಡಲು ಕೂತಿದೆ.

‘ಕೊಡಮ್ಮ ಅವಳದ್ದು ಅವಳಿಗೆ, ಹೆದರ್ಕೊಂಡ್ಲು ನೋಡು’ ಅಂದಳು ಬಿಬಿ ಜಾನ್.

ಮೊಟ್ಟೆಗಳನ್ನು ಒಂದೊಂದಾಗಿ ಟೈರಿನ ಅಂಚಿಗಿಟ್ಟರೆ, ಕೋಳಿ ಕೊಕ್ಕಿನ ಕೆಳಭಾಗದಿಂದ ಎಳೆದೆಳೆದು ಅಡಿಗೆ ಸೇರಿಸಿಕೊಂಡಿತು. ಕೊನೆಗೆ ಬೇರಿಂಗನ್ನೂ ಬಿಡಲಿಲ್ಲ. ಗಗನ ಅದನ್ನು ತೆಗೆಯಲು ಹೋದಾಗ ಹೊಂಬಾಳಮ್ಮ ತಡೆದಳು.

‘ಇರ್ಲಿ ಬುಡು. ಗುಡುಗಿಗೆ ಮೊಟ್ಟೆ ಕೆಡಬಾರ್ದು ಅಂತ ಒಂದು ಚೂರು ಕಬ್ಣ ಇಕ್ತೀವಲ್ಲ. ಅವಳೇ ತಂದಿಕ್ಕವ್ಳೆ.’ ಆಮೇಲೆ ಬಿಬಿ ಜಾನಳ ಕಡೆ ತಿರುಗಿ, ‘ಪಾಲು ಮಾತಾಡ್ಬುಡವ. ಮೊಟ್ಟೆ ನಮ್ದು, ಕಾವು ನಿಮ್ದು. ಮರಿ ಅರ್ಧರ್ಧ.’

‘ಪಾಲು ಯಾಕಕ್ಕ? ಕೋಳಿನೇ ನಿಮ್ದು.’

‘ಕೊಟ್ಟಿದ್ದು ಕೊಟ್ಟಾಯ್ತು. ಅರ್ಧ ಅಂದ್ರೆ ಅರ್ಧ.’

ಮತ್ತೆ ಫ್ಯಾಕ್ಟರಿ. ಅಂಗಿಗಳ ಮೇಲೆ ಬಗ್ಗಿದ್ದಾಗಲೂ ಗಗನಳಿಗೆ ಬೆರಳ ತುದಿಯಲ್ಲಿ ಆ ಬಿಸಿ ತಾಗಿದಂತಾಗುತ್ತಿತ್ತು. ಎಂಟು ಗಂಟೆ ರಾಗಿಯಲ್ಲಿದ್ದ ಮೊಟ್ಟೆಗೂ ಎಂಟು ದಿನವಿದ್ದ ಮೊಟ್ಟೆಗೂ ವ್ಯತ್ಯಾಸವಿರುತ್ತದಲ್ಲ, ಬಸ್ಸು ಕುಲುಕಿತಲ್ಲ, ತಾನು ಬೇರಿಂಗ್ ತೆಗೆದಾಗ ಕೋಳಿಗೆ ಮನಸ್ಸು ಮುರಿದಿದ್ದರೆ? ಊಟದ ಬಿಡುವಿನಲ್ಲಿ ಫೋನು ಮಾಡಿದರೆ ಬಿಬಿ ಜಾನ್ ಒಂದೇ ಮಾತು ಹೇಳುತ್ತಿದ್ದಳು, ‘ಕುಂತವ್ಳಮ್ಮ. ನೀನೂ ಕೂತ್ಕೊಂಡು ಊಟ ಮಾಡು.’ ಕೋಳಿ ದಿನಕ್ಕೊಂದು ಸಲ ಎದ್ದು, ನಾಲ್ಕು ಕಾಳು ತಿಂದು, ನೀರು ಕುಡಿದು, ಓಡೋಡಿ ವಾಪಸು ಹೋಗುತ್ತದಂತೆ. ಎದೆಯ ಮೂಳೆ ಕಾಣುವಷ್ಟು ಬಡವಾಗಿದೆಯಂತೆ. ಒಂದು ಸಂಜೆ ಜೋರು ಗುಡುಗು ಬಂತು. ಗಗನ ಸುಮ್ಮನೆ ಅಡುಗೆಮನೆಯ ಕಬ್ಬಿಣದ ಬಾಣಲೆ ಮುಟ್ಟಿಕೊಂಡು ನಿಂತಿದ್ದಳು.

ಮೂರು ವಾರ ತುಂಬಿದ್ದು ಒಂದು ಭಾನುವಾರ. ಗಗನ ಹೋಗುವ ಹೊತ್ತಿಗೆ ಬಿಬಿ ಜಾನ್ ಟೈರಿನ ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕೂತಿದ್ದಳು. ‘ಶ್’ ಅಂದು ಬೆರಳಿಟ್ಟು, ‘ಬಾ, ಕೇಳಿಲ್ಲಿ’ ಅಂದಳು.

ಗಗನ ಟೈರಿಗೆ ಕಿವಿಯಾನಿಸಿದಳು. ಕೋಳಿ ಗಂಟಲಿನ ಆಳದಲ್ಲಿ ಸಣ್ಣಗೆ ಏನೋ ಅನ್ನುತ್ತಿತ್ತು. ಅವಳು ಇದುವರೆಗೆ ಯಾವ ಕೋಳಿಯಿಂದಲೂ ಕೇಳದ ಸದ್ದು, ಕರೆಯುವುದೂ ಅಲ್ಲ, ಗದರುವುದೂ ಅಲ್ಲ. ಒಂದು ಸಲ ಅಂದು ನಿಲ್ಲಿಸಿತು. ಅದರ ಕೆಳಗಿನಿಂದ, ಇನ್ನೂ ಬಿರುಕು ಸಹ ಬಿಡದ ಚಿಪ್ಪಿನ ಒಳಗಿನಿಂದ, ಉತ್ತರ ಬಂತು. ಚೀಂ. ಕೋಳಿ ಮತ್ತೆ ಅಂದಿತು. ಈಗ ಎರಡು ಕಡೆಯಿಂದ ಉತ್ತರ.

ಬೆಳಕನ್ನು ಕಾಣದ, ತಾಯಿಯ ಮುಖ ಗೊತ್ತಿಲ್ಲದ, ಇನ್ನೂ ಹುಟ್ಟೇ ಇರದ ಮರಿ ಮಾತಾಡುತ್ತಿತ್ತು. ಅದಕ್ಕೆ ಇದು ಮಾತು ಎಂದು ಯಾರು ಹೇಳಿಕೊಟ್ಟರು? ಮಷಿನ್ನಿನಲ್ಲಿ ಇಷ್ಟು ವರ್ಷ ಅವಳು ಮರಿ ಮಾಡಿಸಿದ್ದಳು. ಅಲ್ಲಿಯೂ ಅವು ಹೀಗೇ ಒಳಗಿನಿಂದ ಕೇಳಿರಬೇಕು. ಫ್ಯಾನಿನ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಿಲ್ಲ. ಕೇಳಿಸಿದ್ದರೂ ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ. ಗಗನ ಕಣ್ಣೊರೆಸಿಕೊಂಡಳು. ಬಿಬಿ ಜಾನ್ ಅಕ್ಕಿಯಿಂದ ತಲೆಯೆತ್ತದೆ, ‘ಗ್ರೀಸ್ ಕೈ ಕಣ್ಣಿಗೆ ಹಚ್ಕೋಬೇಡಮ್ಮ, ಉರಿಯತ್ತೆ’ ಅಂದಳು.

ಸಂಜೆಯೊಳಗೆ ಚಿಪ್ಪುಗಳು ಒಡೆದವು. ಒದ್ದೆ ಮುದ್ದೆಗಳಂತೆ ಬಿದ್ದ ಮರಿಗಳು ನೋಡನೋಡುತ್ತ ಒಣಗಿ ಎದ್ದು ನಿಂತವು. ಕೆಲವು ಮೊಟ್ಟೆ ಒಡೆಯಲಿಲ್ಲ. ಅವುಗಳ ಜೊತೆ ಬೇರಿಂಗೂ ಉಳಿಯಿತು. ಕೋಳಿ ಅವಕ್ಕೂ ಇನ್ನೊಂದು ದಿನ ಕಾವು ಕೊಟ್ಟು, ಆಮೇಲೆ ಎದ್ದು, ಮರಿಗಳನ್ನು ಕರೆದುಕೊಂಡು ಪೈಪುಗಳ ನಡುವೆ ಹೊರಟಿತಂತೆ.

ಮರಿಗಳು ತಾಯಿಯನ್ನು ಬಿಡುವಷ್ಟಾದ ಮೇಲೆ ಪಾಲಿಗೆ ಹೋದರು. ಬಿಬಿ ಜಾನ್ ಎಲ್ಲವನ್ನೂ ಮಂಕರಿಯ ಕೆಳಗೆ ಕವುಚಿ, ‘ಆರಿಸ್ಕೊ’ ಅಂದಳು. ಗಗನ ಬಗ್ಗಿದಳು. ಕಣ್ಣು ತನ್ನಷ್ಟಕ್ಕೆ ಕೆಲಸ ಶುರು ಮಾಡಿತು. ಇದರ ಕತ್ತು ನೀಟು. ಇದರ ಬಣ್ಣ ತಿಳಿ. ಇದರ ಗಂಟಲಲ್ಲಿ ಕುಚ್ಚಿದೆ, ಬೇಡ. ಆಗ ಮಂಕರಿಯ ಆಚೆ ನಿಂತಿದ್ದ ತಾಯಿಕೋಳಿ ಹರಿದ ಮೂಗನ್ನೆತ್ತಿ ಅವಳನ್ನು ನೋಡಿತು. ಸುಮ್ಮನೆ ನೋಡಿತು, ಕೋಳಿ ನೋಡುವ ಹಾಗೆ, ಒಂದು ಕಣ್ಣಲ್ಲಿ.

ಗಗನ ಕಣ್ಣು ಮುಚ್ಚಿಕೊಂಡು ಕೈ ಹಾಕಿದಳು. ಸಿಕ್ಕಿದ್ದನ್ನು ಹೊಂಬಾಳಮ್ಮನ ಚೀಲಕ್ಕೆ ಬಿಟ್ಟಳು.

‘ಏನಮ್ಮ ಇದು, ಲಾಟ್ರಿ ಎತ್ತಂಗೆ ಎತ್ತೀಯ?’ ಬಿಬಿ ಜಾನ್ ನಕ್ಕಳು. ‘ಚೆಕಿಂಗ್ ಕೆಲ್ಸದೋಳು ಅಂದ್ರು!’

‘ಇವತ್ತು ರಜ ಅಕ್ಕ’ ಅಂದಳು ಗಗನ.

ಕಣ್ಣು ಬಿಟ್ಟಾಗ ಕುಚ್ಚಿನ ಮರಿಯೂ ಅವಳ ಪಾಲಿಗೇ ಬಂದಿತ್ತು. ವಾಪಸು ಇಡಲಿಲ್ಲ.

ಊರಿಗೆ ಕರೆಂಟು ಬಂದಿತ್ತು. ಶಿವರಾಜು ಗೂಡಿಗೆ ಗಟ್ಟಿ ಬಲೆ ಹಾಕಿಸಿದ. ಮಷಿನ್ನಿನಲ್ಲಿ ಹೊಂಬಾಳಮ್ಮ ಈರುಳ್ಳಿ ತುಂಬಿಟ್ಟಳು. ಹ್ಯಾಟೆಗಳು ಬೆಳೆದವು, ಹೊಂಗೆ ಮರದ ಹುಂಜ ಅವುಗಳ ಸುತ್ತ ಒಂದು ರೆಕ್ಕೆ ಇಳಿಬಿಟ್ಟುಕೊಂಡು ತಿರುಗಿತು, ಮೊಟ್ಟೆ ಶುರುವಾಯಿತು. ಆದರೆ ಗಗನಳ ಎದೆಯೊಳಗೆ ಒಂದು ಪ್ರಶ್ನೆ ಕೂತೇ ಇತ್ತು. ಮೊಟ್ಟೆ ತನ್ನ ಕೋಳಿಗಳದ್ದು, ಕಾವು ಮರೆತವುಗಳದ್ದು. ಇನ್ನೊಂದು ಕೋಳಿ ಕೂತು ಮರಿ ಮಾಡಿದ ಮಾತ್ರಕ್ಕೆ ಇವು ಕೂರುತ್ತವೆಯೇ? ತಾನು ತೆಗೆದದ್ದು ಹೋಗಿಯೇ ಹೋಯಿತೆ? ಬೇಡ ಅನ್ನುವುದನ್ನು ಇವು ಎಷ್ಟು ಬೇಗ ಕೇಳಿಸಿಕೊಳ್ಳುತ್ತವೆಂದು ಅವಳು ಕಣ್ಣಾರೆ ಕಂಡಿದ್ದಳು. ಮತ್ತೆ ಬೇಕು ಅಂದರೆ ಕೇಳಿಸಿಕೊಳ್ಳುವವರು ಯಾರಾದರೂ ಉಳಿದಿರುತ್ತಾರೆಯೇ?

ದೀಪಾವಳಿ ಹತ್ತಿರ ಬಂದ ಒಂದು ಬೆಳಿಗ್ಗೆ ಕಾಳು ಎರಚಿದಾಗ ಒಂದು ಹ್ಯಾಟೆ ಬರಲಿಲ್ಲ. ಕುಚ್ಚಿನದು. ಗಗನ ಹುಡುಕಿಕೊಂಡು ಹೋದಳು. ಗೋಡೆಯ ಮೂಲೆಯಲ್ಲಿ ಒಟ್ಟಿದ್ದ ಕಬ್ಬಿನ ಸೋಗೆಯೊಳಗೆ, ಮೈ ಹರಡಿಕೊಂಡು ಚಪ್ಪಟೆಯಾಗಿ ಕೂತಿತ್ತು. ಗಂಟಲ ಕುಚ್ಚು ನೆಟ್ಟಗೆ ನಿಂತಿತ್ತು. ಅವಳು ಕೈ ಚಾಚಿದಳು. ಮಿಕ್ಸಿ ಸಿಕ್ಕಿಹಾಕಿಕೊಂಡಂಥ ಆ ಸದ್ದು. ಇನ್ನೂ ಚಾಚಿದಳು. ಹೆಬ್ಬೆರಳ ಬುಡಕ್ಕೆ ಬಲವಾಗಿ ಬಿತ್ತು. ರಕ್ತ ಜಿನುಗಿತು.

ಎಲ್ಲಿತ್ತು ಇದು? ತಾಯಿಯಲ್ಲಿ ಇರಲಿಲ್ಲ, ಅಜ್ಜಿಯಲ್ಲಿ ಇರಲಿಲ್ಲ. ಇಲ್ಲವೆಂದು ಅವಳೇ ನೋಡಿ ನೋಡಿ ಉಳಿಸಿದ್ದಳು. ಟ್ಯೂಬ್‌ಲೈಟಿಗೂ ಕಾಣದ ಯಾವ ಮಡಿಕೆಯೊಳಗೆ ಮುದುಡಿಕೊಂಡು, ಇಷ್ಟು ವರ್ಷ, ಇಷ್ಟು ಜೀವಗಳನ್ನು ದಾಟಿ ಬಂತು?

‘ಅಯ್ಯೋ, ಕುಂತ್ಬುಟ್ಟವ್ಳೆ!’ ಹಿಂದೆ ಬಂದು ನಿಂತ ಹೊಂಬಾಳಮ್ಮ ಸೊಸೆಯ ಕೈ ನೋಡಿದಳು, ಮುಖ ನೋಡಿದಳು. ‘ಯಾಕವ್ವ, ನೀರ್ ತರ್ಲಾ, ಪುಕ್ಕ ಕೀಳ್ಲಾ?’

‘ಸುಮ್ನಿರಿ ಅತ್ತೆಮ್ಮ.’

ರಸ್ತೆಯಲ್ಲಿ ಫ್ಯಾಕ್ಟರಿ ಬಸ್ಸು ಹಾರ್ನ್ ಹೊಡೆಯಿತು. ಗಗನ ರಾಗಿ ಗಡಿಗೆಯಿಂದ ಮೊಟ್ಟೆಗಳನ್ನು ಸೆರಗಿನಲ್ಲಿ ತಂದು ಒಂದೊಂದಾಗಿ ಸೋಗೆಯ ಅಂಚಿಗಿಟ್ಟಳು. ಕೋಳಿ ಒಂದೊಂದನ್ನೇ ಕೊಕ್ಕಿನಿಂದ ಒಳಗೆಳೆದುಕೊಂಡಿತು, ಯಾರೂ ತೋರಿಸಿಕೊಡದೆ. ಬಸ್ಸು ಇನ್ನೊಂದು ಸಲ ಹಾರ್ನ್ ಹೊಡೆದು ಹೊರಟುಹೋಯಿತು. ಆಗ ಅವಳಿಗೆ ಕಬ್ಬಿಣದ ನೆನಪಾಗಿ, ರಕ್ತದ ಕೈಯಲ್ಲೇ ಮಳವಳ್ಳಿಗೆ ಫೋನು ಹಚ್ಚಿದಳು.

‘ಬಿಬಿಯಕ್ಕ, ಆ ಬೇರಿಂಗ್ ಐತಾ? ನನಗೆ ಬೇಕಿತ್ತು.’

‘ಐತೆ’ ಅಂದಳು ಬಿಬಿ ಜಾನ್. ‘ಆದ್ರೆ ಹೆಂಗಮ್ಮ ಕೊಡ್ಲಿ? ನಿನ್ನೆಯಿಂದ ಮತ್ತೆ ಅದರ ಮೇಲೆ ಕುಂತವ್ಳೆ.’